ಮೆಲಟೋನಿನ್ ಎಂಬುವರ ಅನಧಿಕೃತ ಗೈರುಹಾಜರಿಯ ಬಗ್ಗೆ

ಸಂಖ್ಯೆ: ಸಿಬ್ಬಂದಿ/ನಿದ್ರೆ/ರಕ್ತದೊತ್ತಡ/ತುರ್ತು (ಆದರೆ ಅವಸರವಿಲ್ಲ)

ಸುತ್ತೋಲೆ

ವಿಷಯ: ಟಪಾಲಕ್ಕನವರ ತಲೆಯೊಳಗೆ ಕರ್ತವ್ಯ ನಿರ್ವಹಿಸುತ್ತಿರುವ ಮೆಲಟೋನಿನ್, ನಾರ್‌ಅಡ್ರಿನಲಿನ್ ಮತ್ತಿತರರ ಕೆಲಸದ ವೇಳೆ ನಿಗದಿಪಡಿಸುವ ಕುರಿತು.

ಉಲ್ಲೇಖ: 1) ಆರೋಗ್ಯ ತಪಾಸಣೆಗೆ ಬಂದಿದ್ದ ಡಾಕ್ಟರಮ್ಮನವರ ಚೀಟಿ.
2) ಸದರಿ ಮೆಲಟೋನಿನ್ ಅವರಿಗೆ ನೀಡಿದ ಕಾರಣ ಕೇಳುವ ನೋಟಿಸು (ವಿಳಾಸದಾರರು ಸಿಗದೆ ವಾಪಸ್).
3) ಟಪಾಲಕ್ಕನವರ ಯಜಮಾನರು ಕಚೇರಿಗೆ ಖುದ್ದಾಗಿ ಬಂದು ಆಡಿದ ಮಾತುಗಳು (ಬರೆಯಬಹುದಾದವು ಮಾತ್ರ).

ಪ್ರಸ್ತಾವನೆ:

ಈ ಕಚೇರಿಯ ಲಕೋಟೆಗಳನ್ನೆಲ್ಲ ವಿಂಗಡಿಸಿ ರವಾನಿಸುವ, ಎಲ್ಲರೂ ಟಪಾಲಕ್ಕ ಎಂದೇ ಕರೆಯುವ ಹಿರಿಯ ನೌಕರರ ಕಣ್ಣಿಗೆ ಪೊರೆ ಬಂದಿರುತ್ತದೆ. ಶಸ್ತ್ರಚಿಕಿತ್ಸೆಗೆಂದು ಎರಡು ಬಾರಿ ಹೋದಾಗಲೂ ರಕ್ತದೊತ್ತಡ ಏರಿದ್ದರಿಂದ ಕಣ್ಣಾಸ್ಪತ್ರೆಯವರು "ಮೊದಲು ಬಿಪಿ ಇಳಿಸ್ಕೊಂಡು ಬನ್ನಿ ಅಮ್ಮ" ಎಂದು ವಾಪಸ್ ಕಳುಹಿಸಿರುತ್ತಾರೆ. ಪರಿಣಾಮವಾಗಿ, ಲೆಕ್ಕಪತ್ರ ಶಾಖೆಗೆ ಹೋಗಬೇಕಾದ ತುರ್ತು ಲಕೋಟೆ ಅಗ್ನಿಶಾಮಕ ಠಾಣೆಗೆ ಹೋಗಿ, ಅವರು ಗಾಡಿ ಸಮೇತ ಬಂದದ್ದು ಎಲ್ಲರೂ ಬಲ್ಲ ಸಂಗತಿ. ಮನೆಯಲ್ಲಿಯೂ ಓಡಿಬಂದದ್ದು ಮೊಮ್ಮಗಳೋ ಪಕ್ಕದ ಮನೆಯ ಮಗುವೋ ತಿಳಿಯದೆ, ಯಾವುದಕ್ಕೂ ಇರಲಿ ಎಂದು ಇಬ್ಬರಿಗೂ ಮುತ್ತು ಕೊಡುತ್ತಿರುವುದಾಗಿ ಆಕೆಯೇ ತಿಳಿಸಿರುತ್ತಾರೆ.

ಉಲ್ಲೇಖ (1)ರ ಚೀಟಿಯಲ್ಲಿ "ಮೆಲಟೋನಿನ್ ರಾತ್ರಿ ಸರಿಯಾಗಿ ಬರುತ್ತಿಲ್ಲ. ನಾರ್‌ಅಡ್ರಿನಲಿನ್ ರಾತ್ರಿಯೂ ಬಿಡುವಿಲ್ಲದೆ ಕೆಲಸ ಮಾಡುತ್ತಿದೆ" ಎಂದಿತ್ತು. ಸಿಬ್ಬಂದಿ ಶಾಖೆಯವರು ಇದನ್ನು ಓದಿ, ಅಭ್ಯಾಸಬಲದಿಂದ, ಮೊದಲನೆಯವರಿಗೆ ನೋಟಿಸನ್ನೂ ಎರಡನೆಯವರಿಗೆ ಪ್ರಶಂಸಾ ಪತ್ರವನ್ನೂ ಹೊರಡಿಸಿದರು. ಎರಡೂ ಬಟವಾಡೆಗೆಂದು ಬಂದದ್ದು ಟಪಾಲಕ್ಕನ ಕೈಗೇ. ಪಾಪ, ಆಕೆ "ಇವರಿಬ್ರು ಯಾವ ಶಾಖೆಯವರು ಕಣ್ರೀ?" ಎಂದು ಮೇಜಿನಿಂದ ಮೇಜಿಗೆ ಅಲೆದು, ಮೆಟ್ಟಿಲು ಹತ್ತಿ ಇಳಿದು, ಇದ್ದ ಒತ್ತಡವನ್ನೂ ಏರಿಸಿಕೊಂಡಿರುತ್ತಾರೆ.

ಡಾಕ್ಟರಮ್ಮನವರನ್ನು ಮತ್ತೆ ಕರೆಸಲಾಯಿತು. ಅವರು ನಗು ತಡೆದುಕೊಂಡು ತಿಳಿಸಿದ್ದೇನೆಂದರೆ, ಇವು ಮಿದುಳಿನ ರಾಸಾಯನಿಕಗಳು. ಕತ್ತಲಾದರೆ ಮೆಲಟೋನಿನ್ ಬಂದು ನಿದ್ರೆಗೆ ದಾರಿ ಮಾಡಿಕೊಡುತ್ತದೆ. ಕಣ್ಣಿಗೆ ಬೆಳಕು ಬಿದ್ದರೆ ಹಿಂದೆ ಸರಿಯುತ್ತದೆ. ನಾರ್‌ಅಡ್ರಿನಲಿನ್ ಎಚ್ಚರದ್ದು, ಅದು ರಕ್ತನಾಳಗಳನ್ನು ಬಿಗಿ ಮಾಡಿ ಒತ್ತಡ ಏರಿಸುತ್ತದೆ. ಗಾಢ ನಿದ್ರೆಯಲ್ಲಿ ಅದು ಕೈಕಟ್ಟಿ ಕೂತರೆ ಒತ್ತಡವೂ ಇಳಿಯುತ್ತದೆ. "ಮಾತ್ರೆ ನಾನು ಕೊಡ್ತೀನಿ. ನಿದ್ದೆ ಮಾಡೋಕೆ ನೀವು ಬಿಡಿ" ಎಂದು ಹೇಳಿ ಹೊರಟರು.

ನಿದ್ದೆಗೆ ಅಡ್ಡಿ ಯಾರೆಂಬ ಬಗ್ಗೆ ವಿಚಾರಣೆ ನಡೆಸುವಷ್ಟರಲ್ಲಿ ಟಪಾಲಕ್ಕನ ಯಜಮಾನರು, ವೃತ್ತಿಯಲ್ಲಿ ದರ್ಜಿಗಳು, ಕೊರಳಲ್ಲಿದ್ದ ಅಳತೆ ಟೇಪಿನೊಂದಿಗೇ ಬಂದು ಈ ಕೆಳಗಿನ ಹೇಳಿಕೆ ನೀಡಿದರು: "ಇವಳಿಗೆ ಕಣ್ಣು ಹತ್ತೋ ಹೊತ್ತಿಗೆ ಸರಿಯಾಗಿ ನಿಮ್ಮ ಸಾಹೇಬ್ರ ಮೆಸೇಜು ಟಿಂಗ್ ಅನ್ನುತ್ತೆ. ಏನೋ ಅರ್ಜೆಂಟು ಅಂತ ಇವಳು ಎದ್ದು ಕೂರ್ತಾಳೆ, ಓದಿ ಹೇಳಿ ಅಂತ ನನ್ನನ್ನೂ ಎಬ್ಬಿಸ್ತಾಳೆ. ಅದರಲ್ಲೇನಿರುತ್ತೆ ಗೊತ್ತಾ? ಒಂದು ಗುಲಾಬಿ ಹೂವು, ಶುಭರಾತ್ರಿ ಅಂತ. ಅದಕ್ಕೆ ಉತ್ತರ ಹಾಕ್ಲಿಲ್ಲ ಅಂದ್ರೆ ಬೆಳಿಗ್ಗೆ ಯಾಕಮ್ಮ ಅಂತ ಕೇಳ್ತಾರಂತೆ. ಎದ್ದವಳು ಆಮೇಲೆ ಎಲ್ಲಿ ಮಲಗ್ತಾಳೆ?"

ಸಂದೇಶ ಕಳುಹಿಸಿದವರ ಹೆಸರು ಹೇಳುವುದು ಶಿಷ್ಟಾಚಾರವಲ್ಲ. ಆದರೆ ಕರಡಿನಲ್ಲಿದ್ದ ಮೇಲಿನ ಪ್ಯಾರಾವನ್ನು ಅಧೀಕ್ಷಕರು ಹೊಡೆದುಹಾಕಿ, ಮತ್ತೆ ಸೇರಿಸಿ, ಮತ್ತೆ ಹೊಡೆದುಹಾಕಿ, ಕೊನೆಗೆ ಅಂಚಿನಲ್ಲಿ "ಇರಲಿ" ಎಂದು ಬರೆದಿರುತ್ತಾರೆ. ಅವರದು ದೊಡ್ಡ ಮನಸ್ಸು ಎಂದು ದಾಖಲಿಸಲಾಗಿದೆ.

ಆದ್ದರಿಂದ ಈ ಮೂಲಕ ಸೂಚಿಸಲಾಗಿದೆ:

1. ಮೆಲಟೋನಿನ್ ಅವರ ಈವರೆಗಿನ ಗೈರುಹಾಜರಿಯನ್ನು ಮನ್ನಿಸಲಾಗಿದೆ. ದೀಪ ಆರಿದ ಕೂಡಲೇ ಅವರು ಹಾಜರಾಗತಕ್ಕದ್ದು. ಹಾಜರಿ ಪುಸ್ತಕಕ್ಕೆ ಸಹಿ ಬೇಕಿಲ್ಲ; ಗೊರಕೆಯನ್ನೇ ಸಹಿಯೆಂದು ಪರಿಗಣಿಸಲಾಗುವುದು.

2. ನಾರ್‌ಅಡ್ರಿನಲಿನ್ ಅವರ ಪ್ರಶಂಸಾ ಪತ್ರವನ್ನು ಹಿಂಪಡೆಯಲಾಗಿದೆ. ಅವರು ಇನ್ನು ಹಗಲು ಪಾಳಿಯಲ್ಲಿ ಮಾತ್ರ ದುಡಿಯತಕ್ಕದ್ದು.

3. ಹಗಲಲ್ಲಿ ಸೆರಟೋನಿನ್ ಆಗಿರುವವರೇ ಕತ್ತಲಾದ ಮೇಲೆ ಒಂದಷ್ಟು ಬದಲಾಗಿ ಮೆಲಟೋನಿನ್ ಆಗುತ್ತಾರೆಂದು ಡಾಕ್ಟರಮ್ಮನವರಿಂದ ತಿಳಿದುಬಂದಿದೆ. ಪೂರ್ವಾನುಮತಿಯಿಲ್ಲದೆ ಹೆಸರು ಬದಲಿಸಿಕೊಂಡು ಎರಡು ಹುದ್ದೆ ನಿರ್ವಹಿಸುವುದು ನಿಯಮಬಾಹಿರ. ಆದರೂ ಎರಡೂ ಕೆಲಸಕ್ಕೆ ಸಂಬಳ ಕೇಳದಿರುವುದರಿಂದ ಕಂಡೂ ಕಾಣದಂತಿರಲು ತೀರ್ಮಾನಿಸಲಾಗಿದೆ.

4. ಶುಭರಾತ್ರಿ ಸಂದೇಶಗಳನ್ನು ಇನ್ನು ಮುಂದೆ ಮಧ್ಯಾಹ್ನ ಊಟಕ್ಕೆ ಮುಂಚೆ, ಲಿಖಿತವಾಗಿ, ಶಾಖಾ ಮುಖ್ಯಸ್ಥರ ಮೂಲಕ ಸಲ್ಲಿಸತಕ್ಕದ್ದು. ಗುಲಾಬಿ ಲಗತ್ತಿಸುವುದಾದರೆ ನಿಜವಾದದ್ದನ್ನೇ ಲಗತ್ತಿಸಿ, ಮುಳ್ಳು ತೆಗೆದಿರುವ ಬಗ್ಗೆ ಉಗ್ರಾಣ ಶಾಖೆಯ ದೃಢೀಕರಣ ಪಡೆಯತಕ್ಕದ್ದು.

5. ಸಭೆಗಳಲ್ಲಿ ಆಕಳಿಕೆ ಹಿರಿತನದ ಕ್ರಮದಲ್ಲಿಯೇ ನಡೆಯಬೇಕು. ಮೇಲಧಿಕಾರಿ ಆಕಳಿಸುವ ಮುನ್ನ ಬಾಯಿ ತೆರೆದವರು, ಅದನ್ನು ಅಲ್ಲಿಯೇ ತಡೆಹಿಡಿದು ಆದೇಶಕ್ಕಾಗಿ ಕಾಯತಕ್ಕದ್ದು.

6. ಕನಸಿನಲ್ಲಿ ಕಚೇರಿ ಕಂಡವರಿಗೆ ಪರಿಹಾರ ರಜೆ ಉಂಟು. ಅಧೀಕ್ಷಕರೂ ಕಂಡಲ್ಲಿ ಎರಡು ದಿನ. ಅದೇ ಕನಸಿನಲ್ಲಿದ್ದ ಇಬ್ಬರು ಸಾಕ್ಷಿಗಳ ಸಹಿ ಕಡ್ಡಾಯ.

ಅನುಪಾಲನಾ ವರದಿ:

ಅಧೀಕ್ಷಕರು ತಮ್ಮ ಮೊಬೈಲನ್ನು ಸಂಜೆಯ ಹೊತ್ತಿಗೆ ಶ್ರೀಮತಿಯವರ ಕೈಗೊಪ್ಪಿಸುತ್ತಿದ್ದಾರೆ. ನಿನ್ನೆ ನೋಡಲಾಗಿ ಟಪಾಲಕ್ಕನ ಒತ್ತಡ ಇಳಿದಿದ್ದು, ಕಣ್ಣಾಸ್ಪತ್ರೆಯವರು "ನಾಡಿದ್ದು ಬನ್ನಿ, ಮಾಡೇಬಿಡೋಣ" ಎಂದಿರುತ್ತಾರೆ. ಇಂದು ಬೆಳಿಗ್ಗೆ ಆಕೆ ಕಚೇರಿಗೆ ಬಾರದ್ದರಿಂದ ಗಾಬರಿಗೊಂಡು ಜವಾನರನ್ನು ಮನೆಗೆ ಕಳುಹಿಸಲಾಯಿತು. ಬಾಗಿಲಲ್ಲೇ ತಡೆದ ದರ್ಜಿಗಳು "ಮೆಲ್ಲಗೆ ಮಾತಾಡಪ್ಪ, ಇನ್ನೂ ಎದ್ದಿಲ್ಲ. ಎಷ್ಟು ತಿಂಗಳಾಯ್ತೋ ಹೀಗೆ ಮಲಗಿ" ಎಂದರಂತೆ. ಒಳಗಿನಿಂದ ಸಹಿಯ ಸದ್ದು ಸ್ಪಷ್ಟವಾಗಿ ಕೇಳಿಬಂದಿರುವುದಾಗಿ ಜವಾನರು ವರದಿ ಮಾಡಿರುತ್ತಾರೆ. ಕಚೇರಿಗೆ ಬಹಳ ಸಂತೋಷವಾಗಿದೆ.

ರವಾನಿಸಬೇಕಾದವರೇ ಮಲಗಿರುವುದರಿಂದ ಈ ಸುತ್ತೋಲೆ ಸದ್ಯಕ್ಕೆ ಎಲ್ಲಿಗೂ ಹೋಗುವುದಿಲ್ಲ. ತಲುಪಿದೆಯೆಂದೇ ಭಾವಿಸಿ ಎಲ್ಲರೂ ಪಾಲಿಸತಕ್ಕದ್ದು.

(ಸಹಿ)
ವ್ಯವಸ್ಥಾಪಕರು
ಅಧೀಕ್ಷಕರ ಪರವಾಗಿ

ಪ್ರತಿಗಳು:
1. ಅಧೀಕ್ಷಕರ ಶ್ರೀಮತಿಯವರಿಗೆ, ಮೊಬೈಲ್ ವಾಪಸ್ ಕೊಡದಿರುವಂತೆ ಕೋರಿ.
2. ಅಗ್ನಿಶಾಮಕ ಠಾಣೆಗೆ, ಬರಬೇಕಾಗಿಲ್ಲ ಎಂಬ ಮಾಹಿತಿಗಾಗಿ.
3. ಮೆಲಟೋನಿನ್ ಅವರಿಗೆ, ಟಪಾಲಕ್ಕನವರ ಮೂಲಕ, ಕತ್ತಲಾದ ಮೇಲೆ.
4. ಟಪಾಲಕ್ಕನವರಿಗೆ, ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ, ತಾವೇ ಓದಿಕೊಳ್ಳಲು.