ರುಚಿ ನೋಡದ ಅಡುಗೆಯವ

ನನ್ನ ತಮ್ಮನಷ್ಟು ದೊಡ್ಡ ಅಡುಗೆಯವ ಲಂಡನ್ನಿನಲ್ಲಿಲ್ಲ. ಅವನಷ್ಟು ದೊಡ್ಡ ಪೆದ್ದನೂ ಇಲ್ಲ. ಎರಡನ್ನೂ ಅವನೆದುರೇ ಹೇಳಿದ್ದೇನೆ. ಮೊದಲನೆಯದನ್ನು ಮಾತ್ರ ನಂಬಿದ್ದಾನೆ!

ಟೂಟಿಂಗಿನ ಹೋಟೆಲಿನಲ್ಲಿ ಇಪ್ಪತ್ತು ವರ್ಷ ಸಾಂಬಾರು ಕುದಿಸಿದ; ಒಂದು ದಿನವೂ ರುಚಿ ನೋಡಲಿಲ್ಲ. ದೇವರಿಗೆ ತೋರಿಸುವ ಮೊದಲು ಬಾಯಿಗಿಟ್ಟರೆ ಎಂಜಲು, ಉಡುಪಿಯಲ್ಲಿ ಅವನು ಕಲಿತ ಪದ್ಧತಿ ಅದು. ಹೋಟೆಲಿನಲ್ಲಿ ಯಾವ ದೇವರು? ಗಲ್ಲಾಪೆಟ್ಟಿಗೆಯ ಮೇಲೊಬ್ಬ ಗಣಪತಿಯಿದ್ದ, ಅವನಿಗೇ ತೋರಿಸುತ್ತಿದ್ದ. ಉಪ್ಪು ಹೆಚ್ಚೋ ಕಡಿಮೆಯೋ ಹಬೆಗೆ ಮೂಗೊಡ್ಡಿಯೇ ಹೇಳುತ್ತಾನೆ. ನೆಗಡಿಯಾದರೆ ರಜೆ!

ಹೋಟೆಲು ಮುಚ್ಚಿತು. ಕೆಂಟನ್ನಿನ ನನ್ನ ಮನೆಯ ಚಿಕ್ಕ ರೂಮಿಗೆ ಬಂದ, ಕೆಲಸವಿಲ್ಲದವರಿಗೆ ಸರಕಾರ ಕೊಡುವ ಬೆನಿಫಿಟ್ ಬರತೊಡಗಿತು. ಕೆಲಸ ಕೊಡಿಸುವ ಆಫೀಸಿನ ಹೆಂಗಸು ಒಳ್ಳೆಯವಳು, ಇವನಿಗೆಂದೇ ಒಂದು ಕೆಲಸ ಹುಡುಕಿದಳು. ಪ್ಯಾಕೆಟ್ ಸಾಂಬಾರಿನ ಫ್ಯಾಕ್ಟರಿ. ಬಿಳಿ ಕೋಟು ಹಾಕಿ ಕೂರುವುದು, ಚಮಚದಲ್ಲಿ ರುಚಿ ನೋಡುವುದು, ಸರಿಯಿದೆ ಅಥವಾ ಇಲ್ಲ ಎನ್ನುವುದು. ಮೂರನೇ ಕ್ಲಾಸು ಓದಿದ ನಾನೂ ಮಾಡುವಂಥದ್ದು! ಇವನು ಬೇಡವೆಂದ. ಫಾರಮ್ಮಿನಲ್ಲಿ ಕಾರಣದ ಜಾಗದಲ್ಲಿ ‘ನಾನು ರುಚಿ ನೋಡುವವನಲ್ಲ’ ಎಂದು ಬರೆದು ಸಹಿ ಹಾಕಿದ. ನೀನು ಅಡುಗೆಯವನೇ ತಾನೇ ಎಂದು ಆಕೆ ಎರಡು ಸಲ ಕೇಳಿದಳಂತೆ.

ಆ ಆಫೀಸಿನಿಂದ ಕಾಗದ ಬಂತು. ಪಕ್ಕದ ಮನೆಯ ಮೈಸೂರು ಡಾಕ್ಟರ ಮಗಳು ಓದಿ ಹೇಳಿದಳು: ಸರಿಯಾದ ಕಾರಣವಿಲ್ಲದೆ ಕೆಲಸ ಒಲ್ಲೆನೆಂದದ್ದಕ್ಕೆ ಮೂರು ತಿಂಗಳು ಬೆನಿಫಿಟ್ ಇಲ್ಲ.

“ಇದಕ್ಕಿಂತ ಸರಿಯಾದ ಕಾರಣ ಎಂತ ಉಂಟು?” ಎಂದು ನನ್ನ ಮೇಲೆ ಹಾರಿದ.

“ಮೂರು ತಿಂಗಳು ಎಂತ ತಿಂತೀಯ?”

“ನಾನೇ ಮಾಡಿದ್ದು.”

“ಅಕ್ಕಿ ನನ್ನದು ಮಾರಾಯ.”

ಅದು ಚುಚ್ಚಿತೇನೋ. ಮಾರನೆಯ ದಿನ ಬ್ಯಾಗು ಕಟ್ಟಿಕೊಂಡು, ಹೊರಡುತ್ತೇನೆ ಎಂದ. ಎಲ್ಲಿಗೆ ಎಂದೆ. ಅವನಿಗೂ ಗೊತ್ತಿರಲಿಲ್ಲ. ಹಾಗಾದರೆ ಕೂತು ಕಾಯಿ ತುರಿ ಎಂದೆ. ತುರಿದ.

ಆ ವಾರವೇ ನಮ್ಮ ಜಿಪಿ ಡಾಕ್ಟರು ನನಗೆ ಪ್ರೆಷರ್ ಏರಿದೆ, ಉಪ್ಪು ಇಳಿಸಿ ಎಂದರು. ತಮ್ಮ ಉಪ್ಪು ಕಡಿಮೆ ಮಾಡಿ ಸಾರು ಕುದಿಸಿದ. ಮೂಸಿದ. ತಲೆ ಕೆರೆದ. ಮತ್ತೆ ಮೂಸಿದ. ಅಂಥ ಸಾರಿನ ವಾಸನೆಯ ಅಂದಾಜು ಆ ಮೂಗಿಗಿರಲಿಲ್ಲ. ಬಾಗಿಲ ಮರೆಯಲ್ಲಿ ನಾನಿದ್ದದ್ದು ಅವನಿಗೆ ತಿಳಿಯದು. ದೇವರ ಗೂಡಿನ ಕಡೆ ಒಮ್ಮೆ ನೋಡಿ, ಬೆನ್ನು ತಿರುಗಿಸಿ, ಸೌಟಿನಿಂದ ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕಿದ.

ಊಟಕ್ಕೆ ಕೂತಾಗ ಕೇಳಿದೆ. “ಉಪ್ಪು ಸರಿ ಉಂಟಾ?”

“ನನಗೆ ಹೇಗೆ ಗೊತ್ತು ಅಕ್ಕ? ನಾನು ರುಚಿ ನೋಡುವವನಲ್ಲ.”

ಚಪ್ಪೆ ಸಾರು. ಎರಡು ಸಲ ಬಡಿಸಿಕೊಂಡೆ.