ನಮ್ಮತ್ತೆ ಶಾಲೆಯ ಮನೆತನ ನೋಡಿದ್ದು

ನಮ್ಮ ಅತ್ತೆ ಶಾಲೆ ನೋಡಲು ಬರುತ್ತಾಳೆಂದರೆ ಆ ಶಾಲೆಯೇ ತಲೆಯ ಮೇಲೆ ಸೆರಗು ಎಳೆದುಕೊಂಡು ಮೂಲೆಗೆ ಸರಿದು ಕೂಡಬೇಕು, ಅಂಥ ಹೆಂಗಸು ಅವಳು! ನನ್ನನ್ನು ಐದನೇ ಇಯತ್ತೆಗೆ ಸೇರಿಸಲು ಅವಳು ಪಟ್ಟ ಪಾಡನ್ನು ಜನ ಸೊಸೆ ಆರಿಸಲು ಪಟ್ಟಿದ್ದರೆ ಶಹಾಪುರ ತಾಲೂಕಿನಲ್ಲಿ ಅತ್ತೆ ಸೊಸೆಯರ ಜಗಳವೇ ಇರುತ್ತಿರಲಿಲ್ಲ.

ಅತ್ತೆ ಎಂದರೆ ಅಪ್ಪನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಬಂದ ದಿನದಿಂದಲೇ ಮನೆಯ ಯಜಮಾನಿಕೆ ಹಿಡಿದವಳು. ಅಪ್ಪ ಗಡ್ಡ ಬೋಳಿಸಿಕೊಳ್ಳಬೇಕಾದರೂ ಅವಳನ್ನು ಕೇಳಿಯೇ ಹೋಗುತ್ತಾನೆ ಎಂದು ಅವ್ವ ನಗುತ್ತಿದ್ದಳು, ಅದೂ ಅತ್ತೆ ನೀರಿಗೆ ಹೋದ ಹೊತ್ತು ನೋಡಿ. ಮರ್ಯಾದೆಯ ವಿಷಯದಲ್ಲಂತೂ ಅವಳನ್ನು ಮೀರಿಸುವವರಿಲ್ಲ. ರೇಡಿಯೋದಲ್ಲಿ ವಾರ್ತೆ ಓದುವ ಗಂಡಸಿನ ದನಿ ಕೇಳಿದರೆ ಸಾಕು, ಸೆರಗು ಸರಿಮಾಡಿಕೊಳ್ಳುತ್ತಿದ್ದಳು!

"ಅತ್ತಿ, ಅವ್ರಿಗೇನು ನೀ ಕಾಣತೀ ಏನು?" ಎಂದು ನಾನು ಒಮ್ಮೆ ಕೇಳಿದೆ.

"ಅವ್ರಿಗೆ ಕಾಣಂಗಿಲ್ಲ ಖರೇ. ನನಗ ಅವ್ರು ಕೇಳಸಾಕತ್ತಾರಲ್ಲ," ಎಂದಳು.

ನಮ್ಮೂರಿನ ಶಾಲೆ ನಾಲ್ಕನೇ ಇಯತ್ತೆಗೆ ಮುಗಿಯುತ್ತಿತ್ತು. ಆಗಷ್ಟೇ ಊರಿಗೆ ಕಾಲುವೆ ನೀರು ಬಂದು, ಜೋಳ ಬೆಳೆಯುತ್ತಿದ್ದ ಹೊಲಗಳೆಲ್ಲ ಭತ್ತದ ಗದ್ದೆಗಳಾಗಿದ್ದವು. ನಾಟಿಯ ಕೆಲಸಕ್ಕೆ ಮುಯ್ಯಾಳಿನ ಪದ್ಧತಿ: ನಮ್ಮ ಗದ್ದೆಗೆ ಅವರು ಬಂದರೆ ಅವರ ಗದ್ದೆಗೆ ನಾವು ಹೋಗಬೇಕು. ನಾಲ್ಕನೇ ಇಯತ್ತೆ ಮುಗಿಸಿದ ಹುಡುಗಿಯರು ಸೀದಾ ನಾಟಿಯ ಸಾಲಿಗೆ ಇಳಿಯುತ್ತಿದ್ದರು. ನಮ್ಮ ಮನೆಯಿಂದ ಇಬ್ಬರು ಹೋಗಬೇಕೆಂದು ಊರವರು ಆಗಲೇ ಲೆಕ್ಕ ಹಾಕಿದ್ದರು: ಒಬ್ಬಳು ಅವ್ವ, ಇನ್ನೊಬ್ಬಳು ನಾನು.

ನನಗೆ ಓದುವ ಹುಚ್ಚು. ಅಪ್ಪನಿಗೂ ಮಗಳು ಓದಲಿ ಎಂಬ ಆಸೆ. ಅತ್ತೆ ಬೇಡವೆನ್ನಲಿಲ್ಲ, ಆದರೆ ಒಂದು ಕರಾರು ಹಾಕಿದಳು.

"ಓದಲಿ, ಯಾರು ಬ್ಯಾಡಂತಾರ? ಖರೇ ನಮ್ಮ ಮನಿತನಕ್ಕ ಒಪ್ಪೋ ಸಾಲಿ ಇರಬೇಕು."

"ಅಂಥದು ಸಿಗಲಿಲ್ಲಂದ್ರ?" ಎಂದ ಅಪ್ಪ.

"ಸಿಗಲಿಲ್ಲಂದ್ರ ಗದ್ದಿ ಐತಲ್ಲ."

ಮನೆಯ ಹಿಂದೆ ಭತ್ತದ ಸಸಿಮಡಿ ಹಸಿರಾಗಿ ಮೇಲೇಳುತ್ತಿತ್ತು. ದಿನಾ ಬೆಳಿಗ್ಗೆ ಎದ್ದು ನಾನು ಅದನ್ನು ಬೆರಳಿನಿಂದ ಅಳೆಯುತ್ತಿದ್ದೆ. ಅದು ಗೇಣುದ್ದ ಬೆಳೆದರೆ ನಾಟಿ ಶುರು, ಅಷ್ಟರೊಳಗೆ ಅತ್ತೆಗೆ ಶಾಲೆ ಸಿಗಬೇಕಿತ್ತು.

ಅತ್ತೆಗೆ ಗೊತ್ತಿದ್ದ ಪರೀಕ್ಷೆ ಒಂದೇ, ಹೆಣ್ಣು ಕೊಡುವ ಮುಂಚೆ ಬೀಗರ ಮನೆತನ ನೋಡುವುದು. ಶಾಲೆಯನ್ನೂ ಅವಳು ಹಾಗೇ ನೋಡಲು ಹೊರಟಳು. ಹೇಳದೇ ಕೇಳದೇ ಹೋಗಬೇಕು. ಮುಂಬಾಗಿಲಿಗಿಂತ ಮೊದಲು ಹಿತ್ತಲು ನೋಡಬೇಕು. ಪಕ್ಕದ ಮನೆಯವರನ್ನು ವಿಚಾರಿಸಬೇಕು. ಮುಖ್ಯವಾಗಿ, ಮನಸ್ಸು ಗಟ್ಟಿಯಾಗುವವರೆಗೆ ಅಲ್ಲಿಯ ಸಕ್ಕರೆಯನ್ನು ಬಾಯಿಗೆ ಹಾಕಬಾರದು. ನಮ್ಮ ಕಡೆ ಸಕ್ಕರೆ ತಿಂದರೆಂದರೆ ಸಂಬಂಧ ಕೂಡಿತೆಂದೇ ಅರ್ಥ. ಆಮೇಲೆ ಹಿಂದೆ ಸರಿದವರಿಗೆ ಊರಲ್ಲಿ ತಲೆ ಎತ್ತಿ ನಡೆಯಲಾಗದು.

ಮೊದಲು ಶಹಾಪುರದ ಒಂದು ಹುಡುಗಿಯರ ಶಾಲೆ. ಅತ್ತೆ ಸೀದಾ ಹಿತ್ತಲಿಗೆ ನಡೆದಳು. ಅಲ್ಲಿ ಬೇವಿನ ಮರದ ನೆರಳಿನಲ್ಲಿ ಹೆಡ್‌ಮಾಸ್ತರರು ಅಂಗಿ ಕಳಚಿಟ್ಟು ನಿದ್ದೆ ಮಾಡುತ್ತಿದ್ದರು. ಎಚ್ಚರವಾಗಿ ನೋಡುತ್ತಾರೆ, ಎದುರಿಗೆ ಪೂರ್ತಿ ಸೆರಗು ಹೊದ್ದ ಹೆಂಗಸು! ಪಾಪ, ಗಾಬರಿಯಲ್ಲಿ ಅಂಗಿಯನ್ನು ಹಿಂದುಮುಂದಾಗಿ ತೊಟ್ಟುಕೊಂಡರು. ಅದನ್ನಾದರೂ ಅತ್ತೆ ಕ್ಷಮಿಸುತ್ತಿದ್ದಳೇನೋ, ಆದರೆ ಶಾಲೆಯ ಎದುರಿಗೆ ಸಿನಿಮಾ ಟಾಕೀಸು ಇತ್ತು.

"ಇಲ್ಲಿ ಹುಡುಗ್ಯಾರು ಪುಸ್ತಕ ಓದತಾರೋ ಪೋಸ್ಟರ್ ಓದತಾರೋ?" ಎಂದು ಕೇಳಿದಳು.

"ಓದೋದು ಓದೋದೇ ಅಲ್ಲೇನಕ್ಕಾ," ಎಂದ ಅಪ್ಪ ಮೆಲ್ಲಗೆ. ಅವತ್ತು ಊರು ಮುಟ್ಟುವವರೆಗೆ ಅವಳು ಅವನಿಗೆ ಬೆನ್ನು ತಿರುಗಿಸಿಯೇ ಕುಳಿತಳು.

ಎರಡನೆಯದು ಸುರಪುರದಲ್ಲಿ. ಭಾರೀ ಶಿಸ್ತಿನ ಶಾಲೆಯೆಂದು ಹೆಸರಾಗಿತ್ತು. ಹುಡುಗಿಯರಿಗೆ ಬೇರೆಯೇ ಬಾಗಿಲು, ಬೇರೆಯೇ ಅಂಗಳ. ಬೆಳಿಗ್ಗೆ ಪ್ರಾರ್ಥನೆ, ಸಂಜೆ ಭಜನೆ. ಹಿತ್ತಲು ಕನ್ನಡಿಯ ಹಾಗಿತ್ತು. ಅತ್ತೆಯ ಮುಖ ಅರಳಿದ್ದು ನೋಡಿ, ಇನ್ನು ಮುಗಿಯಿತು, ನಾನು ಸುರಪುರದವಳಾದೆ ಎಂದುಕೊಂಡೆ. ಅಲ್ಲಿಯ ಮಾಸ್ತರರು ಹೆಮ್ಮೆಯಿಂದ ನಮ್ಮನ್ನು ಒಂದು ತರಗತಿಗೆ ಕರೆದುಕೊಂಡು ಹೋದರು. ಹುಡುಗಿಯರೆಲ್ಲ ಎದ್ದು ತಲೆ ತಗ್ಗಿಸಿ ನಿಂತರು.

ಅತ್ತೆ ಮುಂದಿನ ಸಾಲಿನ ಹುಡುಗಿಯ ಗಲ್ಲ ಹಿಡಿದು, "ಯಾವೂರವ್ವಾ ನಿಂದು?" ಎಂದಳು.

ಹುಡುಗಿ ಮಾತಾಡಲಿಲ್ಲ. ಮಾಸ್ತರರ ಮುಖ ನೋಡಿದಳು. ಪಕ್ಕದವಳನ್ನು ಕೇಳಿದರೆ ಅವಳೂ ಅವರ ಮುಖವನ್ನೇ ನೋಡಿದಳು.

"ನಮ್ಮ ಹುಡುಗ್ಯಾರು ಹೇಳದ ಹೊರತು ಬಾಯಿ ತೆಗ್ಯಂಗಿಲ್ರಿ," ಎಂದರು ಮಾಸ್ತರರು, ಮೆಚ್ಚಿಕೊಳ್ಳಲಿ ಎಂಬಂತೆ.

ಅತ್ತೆ ಕೈಮುಗಿದು ಹೊರಗೆ ಬಂದುಬಿಟ್ಟಳು. ಅಪ್ಪ ಹಿಂದೆಯೇ ಓಡಿ, "ನೀ ಕೇಳಿದ್ದೆಲ್ಲಾ ಇಲ್ಲೇ ಐತಲ್ಲಕ್ಕಾ! ಇದಕ್ಕಿಂತ ಮರ್ಯಾದಿ ಎಲ್ಲಿ ಸಿಗತದ?" ಎಂದ.

"ಇದು ಮರ್ಯಾದಿ ಅಲ್ಲೋ, ಅಂಜಿಕಿ. ತನ್ನೂರಿನ ಹೆಸರು ಹೇಳಾಕ ಅಂಜತದ ಕೂಸು," ಎಂದಳು. ನನ್ನ ಕೈ ಹಿಡಿದು ಸೀದಾ ಬಸ್ಸಿನ ಕಡೆಗೆ ನಡೆದಳು.

ಹೀಗೆ ಎರಡೂ ಹೋದವು. ಸಸಿ ಗೇಣುದ್ದವಾಯಿತು. ಉಳಿದದ್ದು ಭೀಮರಾಯನಗುಡಿಯ ಕಡೆ, ಕಾಲುವೆ ಕೆಲಸದವರ ಕ್ಯಾಂಪಿನ ಮಕ್ಕಳು ಹೋಗುವ ಒಂದು ಶಾಲೆ. ಅದರ ಹೆಸರೆತ್ತಿದರೇ ಅತ್ತೆ ಮುಖ ಸಿಂಡರಿಸುತ್ತಿದ್ದಳು. ಅಲ್ಲಿ ಹುಡುಗರು ಹುಡುಗಿಯರು ಒಂದೇ ಕೋಣೆಯಲ್ಲಿ ಕೂಡುತ್ತಾರೆ, ಹೆಡ್‌ಮಾಸ್ತರರು ಹೆಂಗಸು, ಸಾಲದ್ದಕ್ಕೆ ಲೂನಾ ಗಾಡಿ ಹೊಡೆಯುತ್ತಾರೆ! "ಬರೇ ನೋಡಿ ಬರೋಣ ಬಾರಕ್ಕಾ, ನೋಡಿದ್ರ ಕಣ್ಣೇನು ಸವೆಯಂಗಿಲ್ಲ," ಎಂದು ಅಪ್ಪ ಕಾಡಿ ಬೇಡಿ ಹೊರಡಿಸಿದ.

ಅಲ್ಲಿ ಹಿತ್ತಲಿಗೆ ಹೋಗುವ ಮುಂಚೆಯೇ ಒಂದು ಹುಡುಗಿ ಓಡಿ ಬಂದು, "ಯಾರು ಬೇಕ್ರಿ ಅಜ್ಜೀ? ಯಾವೂರಿಂದ ಬಂದೀರಿ?" ಎಂದು ಕೇಳಿದಳು. ತನ್ನ ಪ್ರಶ್ನೆಯನ್ನು ಬೇರೊಬ್ಬರು ಕೇಳಿದ್ದಕ್ಕೆ ಅತ್ತೆ ತಬ್ಬಿಬ್ಬಾದಳು. ಅಜ್ಜಿ ಎಂದದ್ದಕ್ಕೆ ಸಿಟ್ಟೂ ಬಂದಿತ್ತು. ಅಷ್ಟರಲ್ಲಿ ಶಾಲೆಯ ಜವಾನ ಒಂದು ತಟ್ಟೆ ಹಿಡಿದು ಬಂದು, ನಾವು ಯಾರೆಂದು ಕೂಡ ಕೇಳದೆ ಮುಂದೆ ಒಡ್ಡಿದ.

"ಮಗಳು ಹಡದಾಳ್ರಿ. ತಗೋರಿ."

"ಏನು ಕೂಸಪ್ಪಾ?"

"ಹೆಣ್ಣು ಕೂಸ್ರಿ."

"ಹೆಣ್ಣು ಹುಟ್ಟಿದ್ದಕ್ಕ ಹಂಚಾಕತ್ತೀಯಾ?"

"ಯಾಕ್ರಿ, ಹಂಚಬಾರದೇನ್ರಿ?"

ಅತ್ತೆ ಅವನ ಮುಖವನ್ನೇ ಒಂದು ಗಳಿಗೆ ನೋಡಿದಳು. "ನೂರು ವರ್ಷ ಬಾಳಲಿ," ಎಂದು ತಟ್ಟೆಯಿಂದ ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡಳು.

ಅಪ್ಪ ಕಾಯುತ್ತಿದ್ದವನಂತೆ, "ಅಕ್ಕಾ, ಸಕ್ಕರಿ ತಿಂದಿ!" ಎಂದ.

ಅತ್ತೆಯ ಬಾಯಿ ಆಡುವುದು ನಿಂತಿತು. "ಇದು ಕೂಸಿನ ಸಕ್ಕರಿ. ಇದು ಲೆಕ್ಕಕ್ಕಿಲ್ಲ," ಎಂದಳು ಕಷ್ಟಪಟ್ಟು.

"ಈ ಸಾಲಿ ಅಂಗಳದಾಗ ನಿಂತು ತಿಂದಿ. ಮೊದಲು ನೀ ಹೇಳಿದ ಪದ್ಧತಿನ ಅದು. ಇನ್ನ ನಿನ್ನ ಖುಷಿ."

ಉಗುಳಿದರೆ ಹೆಣ್ಣುಕೂಸಿಗೆ ಅವಮಾನ, ನುಂಗಿದರೆ ಸಂಬಂಧ ಗಟ್ಟಿ. ನಾನು ಅವಳ ಗಂಟಲನ್ನೇ ನೋಡುತ್ತಿದ್ದೆ. ಕೊನೆಗೆ ಅತ್ತೆ ನುಂಗಿದಳು.

ಮಾತಿಗೆ ತಪ್ಪುವವಳಲ್ಲ ನಮ್ಮತ್ತೆ. ಸೀದಾ ಆಫೀಸು ಕೋಣೆಗೆ ಹೋಗಿ ಕುಳಿತಳು. ಅಲ್ಲಿದ್ದ ಅಕ್ಕೋರಿಗೆ, ಅದೇ ಲೂನಾ ಹೊಡೆಯುವ ಹೆಡ್‌ಮಾಸ್ತರರಿಗೆ, ನಡೆದದ್ದನ್ನು ಅಪ್ಪ ವಿವರಿಸಿದ. ಅವರು ನಗದೆ, ಬೀಗಿತ್ತಿಯ ಹಾಗೆ ಗಂಭೀರವಾಗಿ, "ಹೆಣ್ಣಿನ ಕಡಿಯವರದು ಏನೇನು ಮಾತು ಅದಾವ, ಹೇಳ್ರಿ," ಎಂದರು.

"ಹುಡುಗ್ಯಾರ ಸಾಲಿನಾಗ ಕೂಡಿಸಬೇಕು."

"ಆತ್ರಿ."

"ಎರಡು ಜಡಿ ಹಾಕ್ಕೊಂಡು ಬರತಾಳ, ಕೂದಲ ಬಿಟ್ಟುಕೊಂಡು ಬರಂಗಿಲ್ಲ."

"ಆತ್ರಿ. ಮತ್ತ?"

ಅತ್ತೆ ನನ್ನ ಕಡೆ ನೋಡಿದಳು. "ಮತ್ತ... ಯಾರರೆ ಕೇಳಿದ್ರ ಬಾಯಿ ತೆಗೆದು ಜವಾಬು ಕೊಡೋದು ಕಲಸ್ರಿ. ಕೂಸಿನ್ನ ನಿಮ್ಮ ಉಡಿಯಾಗ ಹಾಕೀನಿ," ಎಂದಳು.

ಶಾಲೆ ಶುರುವಾದ ದಿನ ಅತ್ತೆ ನಸುಕಿನಲ್ಲೇ ನನಗೆ ತಲೆ ಬಾಚಿ, ಎರಡೂ ಜಡೆಗಳನ್ನು ಕಣ್ಣು ಕಿತ್ತು ಬರುವಷ್ಟು ಬಿಗಿಯಾಗಿ ಹಾಕಿದಳು. ನನ್ನನ್ನು ಬಸ್ಸಿಗೆ ಹತ್ತಿಸಲು ಅಪ್ಪ ಮಾತ್ರ ಬಂದ. ಅತ್ತೆ ಬರಲಿಲ್ಲವೆಂದು ನನಗೆ ಒಳಗೊಳಗೇ ಸಿಟ್ಟು ಬಂದಿತ್ತು.

ಬಸ್ಸು ಕಾಲುವೆಯ ಸೇತುವೆ ಹತ್ತಿದಾಗ ಕೆಳಗಿನ ಗದ್ದೆಯಲ್ಲಿ ನಾಟಿಯ ಸಾಲು ಕಂಡಿತು. ಪಕ್ಕದ ಮನೆಯವರ ಗದ್ದೆ. ಅವ್ವ ಬಗ್ಗಿ ಸಸಿ ಹಚ್ಚುತ್ತಿದ್ದಳು. ಅವಳ ಪಕ್ಕದಲ್ಲಿ ಒಬ್ಬ ಹೆಂಗಸು ಸೀರೆಯನ್ನು ಮೊಳಕಾಲಿನವರೆಗೆ ಕಚ್ಚೆ ಹಾಕಿ, ಸೆರಗನ್ನು ಸೊಂಟಕ್ಕೆ ಬಿಗಿದು, ಅಷ್ಟು ಜನರ ನಡುವೆ ಬರಿದಲೆಯಲ್ಲಿ ಕೆಸರಿನಲ್ಲಿ ನಿಂತಿದ್ದಳು. ಎಲ್ಲರೂ ಸಾಲು ಹಿಡಿದು ಸಸಿ ನೆಡುತ್ತ ಹಿಂದೆ ಹಿಂದೆ ಸರಿದರೆ ಅವಳೊಬ್ಬಳು ತಡವರಿಸುತ್ತ ಮುಂದೆಯೇ ಉಳಿದುಬಿಡುತ್ತಿದ್ದಳು. ಉಳಿದವರು ನಗುತ್ತಿದ್ದರು.

ಅವಳು ನಮ್ಮತ್ತೆ. ನಮ್ಮ ಮನೆಯ ಎರಡನೇ ಆಳು. ಹುಟ್ಟಿದಾಗಿನಿಂದ ಮಂದಿಯ ಹೊಲಕ್ಕೆ ಇಳಿಯದವಳು ನನ್ನ ಜಾಗದಲ್ಲಿ ಇಳಿದಿದ್ದಳು. ಮನೆಯಲ್ಲಿ ಯಾರೂ ನನಗೆ ಒಂದು ಮಾತು ಹೇಳಿರಲಿಲ್ಲ.

ನಾನು ಕಿಟಕಿಯಿಂದ ಹೊರಗೆ ಬಾಗಿ "ಅತ್ತೀ" ಎಂದು ಕೂಗಿದೆ. ಅವಳು ಸೊಂಟ ಹಿಡಿದುಕೊಂಡು ನೆಟ್ಟಗಾದಳು. ಕೆಸರಿನ ಕೈಯೆತ್ತಿ, ತಲೆ ಒಳಗೆ ತೆಗೆದುಕೋ ಎಂದು ಗದರಿಸುವಂತೆ ಸನ್ನೆ ಮಾಡಿದಳು. ನಾನು ತಲೆ ಒಳಗೆ ತೆಗೆದುಕೊಂಡೆ. ಅಳು ಒತ್ತರಿಸಿ ಬಂತು.

ಪಕ್ಕದಲ್ಲಿ ಕುಳಿತಿದ್ದ ಕ್ಯಾಂಪಿನ ಹುಡುಗಿ, "ಯಾಕ ಅಳ್ತೀ? ಯಾರಾಕಿ?" ಎಂದು ಕೇಳಿದಳು.

"ನಮ್ಮತ್ತಿ ಆಕಿ," ಎಂದೆ, ಇಡೀ ಬಸ್ಸಿಗೆ ಕೇಳುವ ಹಾಗೆ.