ಸುಟ್ಟ ಜೀನ್ಸಿನ ಕೇಸು

ಬೇರೆಯವರು ಕೋರ್ಟಿಗೆ ಹೋದರೆ ತಾರೀಕು ಬರೆದುಕೊಂಡು ಸುಮ್ಮನೆ ಮನೆಗೆ ಬರುತ್ತಾರೆ. ನಾನು ಹೋದರೆ ಏನಾದರೊಂದು ಫಜೀತಿ ಆಗದೆ ತಿರುಗಿ ಬಂದದ್ದೇ ಇಲ್ಲ. ಇನ್ಶೂರೆನ್ಸ್ ಕಂಪನಿಯ ಮೇಲೆ ಕೇಸು ನಡೆಸಿದ ಒಂದೂವರೆ ವರ್ಷದಲ್ಲಿ ಇಂಥವು ಎಷ್ಟೋ ಆದವು. ಆಗ ಅತ್ತಿದ್ದೇನೆ, ರೇಗಾಡಿದ್ದೇನೆ. ಈಗ ನಮ್ಮ ಯೂನಿಟ್ಟಿನ ಹೆಣ್ಣುಮಕ್ಕಳು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದಾಗ "ಅಕ್ಕಾರ, ಆ ಬಸ್ಸಿನ ಕತಿ ಇನ್ನೊಮ್ಮೆ ಹೇಳ್ರಿ" ಅನ್ನುತ್ತಾರೆ. ಹೇಳಿ ಹೇಳಿ ನನಗೂ ನಗು ಬರತೊಡಗಿದೆ.

ಮೊದಲು ಸಂಗತಿ ಏನೆಂದು ಹೇಳಿಬಿಡುತ್ತೇನೆ. ಗಡಿಯಾಚೆ ಆಂಧ್ರಕ್ಕೆ ಸೇರಿದ ರಾಯದುರ್ಗದಲ್ಲಿ ನಮ್ಮದು ಎಂಟು ಮಷಿನ್ನಿನ ಸಣ್ಣ ಜೀನ್ಸ್ ಯೂನಿಟ್. ಕಟಿಂಗ್ ನಮ್ಮ ಮನೆಯವರದು. ಹೊಲಿಗೆ, ಉಸ್ತುವಾರಿ, ಜಗಳ ಎಲ್ಲ ನನ್ನದು. ಹನ್ನೆರಡು ವರ್ಷ ಬಳ್ಳಾರಿ ಸಾಹುಕಾರರು ಕಳಿಸಿದ ಬಟ್ಟೆಯನ್ನೇ ಹೊಲಿದುಕೊಟ್ಟೆವು. ಕೊನೆಗೆ ಧೈರ್ಯ ಮಾಡಿ ನಾವೇ ಬಟ್ಟೆ ತಂದು, ಮೊಟ್ಟಮೊದಲ ಸಲ ನಮ್ಮದೇ ಮಾಲು ಹೊಲಿದೆವು. ಮುನ್ನೂರು ಪ್ಯಾಂಟು. ಅವು ಅಂಗಡಿಗೆ ಹೋಗುವ ಹಿಂದಿನ ದಿನ, ಮಟಮಟ ಮಧ್ಯಾಹ್ನ, ಹೋಗಿದ್ದ ಕರೆಂಟು ಒಮ್ಮೆಲೇ ಬಂದು ಬೋರ್ಡಿನಿಂದ ಕಿಡಿ ಉದುರಿತು. ಫೈರ್ ಎಂಜಿನ್ ಬಂದು ನೀರು ಹೊಡೆಯಿತು. ಯಾರಿಗೂ ಏನೂ ಆಗಲಿಲ್ಲ, ನಮ್ಮ ಪುಣ್ಯ. ಆದರೆ ಐದು ಮಷಿನ್ ಹಾಳಾದವು, ಪ್ಯಾಂಟುಗಳಲ್ಲಿ ಒಂದೂ ನೆಟ್ಟಗೆ ಉಳಿಯಲಿಲ್ಲ. ಕೆಲವಕ್ಕೆ ತೂತು, ಕೆಲವಕ್ಕೆ ಕಲೆ, ಕೆಲವಕ್ಕೆ ಎರಡೂ.

ಇನ್ಶೂರೆನ್ಸ್ ಇತ್ತು. ಆ ಹಣ ಬಂದರೆ ನಮ್ಮ ಮಾಲನ್ನು ಮತ್ತೆ ಹೊಲಿಯಬಹುದಿತ್ತು. ಬರದಿದ್ದರೆ ಯೂನಿಟ್ಟಿಗೆ ಬೀಗ, ಒಂಬತ್ತು ಹೆಣ್ಣುಮಕ್ಕಳಿಗೆ ಬೇರೆ ಕಡೆ ಕೆಲಸ, ನಾವಿಬ್ಬರೂ ಮತ್ತೆ ಸಾಹುಕಾರರ ಬಾಗಿಲಿಗೆ.

ದೊಡ್ಡೋರು ಬರ್ತಾರ

ನಮಗೆ ಪಾಲಿಸಿ ಮಾಡಿಸಿದ ಏಜೆಂಟು ನಮ್ಮ ಮನೆಯವರ ಸೋದರಮಾವನ ಮಗ. ಬೆಂಕಿ ಬಿದ್ದ ನಾಲ್ಕನೇ ದಿನ ಫೋನ್ ಮಾಡಿ, "ಅತ್ತಿಗಿ, ನಾಳೆ ಕಂಪನಿಯಿಂದ ಸರ್ವೇಯರ್ ಸಾರ್ ಬರ್ತಾರ. ಎಲ್ಲಾ ನೋಡಿ ಲುಕ್ಸಾನು ಎಷ್ಟಂತ ಬರಕೊಂಡು ಹೋಗ್ತಾರ. ದೊಡ್ಡೋರು, ಸ್ವಲ್ಪ ನೋಡ್ಕೊಳ್ರಿ" ಅಂದ.

ದೊಡ್ಡೋರು ಬರುತ್ತಾರೆ ಅಂದರೆ ನಮ್ಮ ಕಡೆ ಏನು ಮಾಡುತ್ತಾರೆ? ನಾನೂ ಅದನ್ನೇ ಮಾಡಿದೆ. ಒಂಬತ್ತು ಹೆಣ್ಣುಮಕ್ಕಳನ್ನೂ ಕರೆಸಿ ಮಸಿ ಹಿಡಿದ ಗೋಡೆ ತಿಕ್ಕಿಸಿದೆ. ಹೋಗದ ಕಡೆ ಸುಣ್ಣ ಬಳಿಸಿದೆ. ಸುಟ್ಟ ಮಷಿನ್‌ಗಳನ್ನು ಹಿತ್ತಲಲ್ಲಿಟ್ಟು ತಾಡಪಾಲು ಹೊದಿಸಿದೆ. ಸುಟ್ಟ ಪ್ಯಾಂಟುಗಳನ್ನು ಚೀಲಕ್ಕೆ ತುಂಬಿ ಮನೆಯ ಒಳಗಿಟ್ಟೆ. ಬಾಗಿಲಿಗೆ ರಂಗೋಲಿ ಹಾಕಿ, ಮದುವೆಗೆ ಉಡುವ ಸೀರೆ ಉಟ್ಟು ನಿಂತೆ.

ಸರ್ವೇಯರ್ ಸಾರ್ ಬಂದವರು ಉಗ್ಗಾಣಿ, ಮಿರ್ಚಿ ತಿಂದರು. ಚಹಾ ಕುಡಿದರು. ಆಮೇಲೆ ಕನ್ನಡಕ ಏರಿಸಿ ನಾಲ್ಕೂ ಗೋಡೆ ನೋಡಿ, "ಬೆಂಕಿ ಎಲ್ಲಿ ಬಿದ್ದಿತ್ತಮ್ಮ?" ಎಂದು ಕೇಳಿದರು.

"ಇಲ್ಲೇ ರೀ ಸಾರ್, ನೀವು ಕುಂತಲ್ಲೇ."

ಅವರು ಎದ್ದು ಕುರ್ಚಿಯ ಕೆಳಗೆ ನೋಡಿದರು. ನೆಲ ಫಳಫಳ ಅನ್ನುತ್ತಿತ್ತು. ನಾನೇ ಎರಡು ಸಲ ಒರೆಸಿದ್ದೆ.

"ಸುಟ್ಟ ಮಾಲು ತೋರಿಸಿ."

"ಅಯ್ಯ, ಈಗ ತಾನ ತಿಂಡಿ ತಿಂದೀರಿ ಸಾರ್. ಕಮಟು ವಾಸನಿ ಐತಿ. ಇನ್ನೊಮ್ಮೆ ನೋಡೀರಂತ ಬಿಡ್ರಿ" ಅಂದೆ. ಅವರ ಹೊಟ್ಟೆ ಕೆಡಬಾರದೆಂಬುದೇ ನನ್ನ ಕಾಳಜಿ. ಅವರೂ ಒತ್ತಾಯ ಮಾಡಲಿಲ್ಲ, ನಾಲ್ಕು ಫೋಟೋ ಹೊಡೆದುಕೊಂಡು ಹೊರಟರು. ಫೋಟೋ ಅಂದ ಕೂಡಲೇ ನಾನು ಸೆರಗು ಸರಿಮಾಡಿಕೊಂಡು ನಾಲ್ಕರಲ್ಲೂ ನಿಂತೆ.

ತಿಂಗಳಾದ ಮೇಲೆ ಕಂಪನಿಯ ಕಾಗದ ಬಂತು. ಜಾಗ ಬಹಳ ಸ್ವಚ್ಛವಾಗಿದೆ, ಬೆಂಕಿಯ ಗುರುತು ಕಾಣಲಿಲ್ಲ, ಕ್ಲೇಮು ಕೊಡುವುದಿಲ್ಲ ಅಂತ. ನನ್ನ ಅತ್ತೆ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಆಡದ ಮಾತನ್ನು ಕಂಪನಿ ಸೀಲು ಹೊಡೆದು ಕೊಟ್ಟಿತ್ತು.

ಇಪ್ಪತ್ತೊಂದು ಸುತ್ತು

ಪಾಲಿಸಿ ಮಾಡಿಸುವಾಗ ದಿನಾ ನಮ್ಮ ಪಡಸಾಲೆಯಲ್ಲೇ ಕೂತಿರುತ್ತಿದ್ದ ಏಜೆಂಟು ಈ ಕಾಗದ ಬಂದ ಮೇಲೆ ಪತ್ತೆಯೇ ಇಲ್ಲ. ಫೋನ್ ಎತ್ತುವುದಿಲ್ಲ. ಮನೆಗೆ ಹೋದರೆ ಅವನ ಹೆಂಡತಿ "ಈಗ ತಾನ ಹೊರಗ ಹೋದ್ರು" ಅನ್ನುತ್ತಾಳೆ. ಒಳಗಿಂದ ಅವನ ಕೆಮ್ಮು ಕೇಳುತ್ತದೆ.

ಒಂದು ಸೋಮವಾರ ಈಶ್ವರನ ಗುಡಿಯ ಮುಂದೆ ಕಣ್ಣಿಗೆ ಬಿದ್ದ. ನನ್ನನ್ನು ನೋಡಿದವನೇ ಚಪ್ಪಲಿ ಬಿಟ್ಟು ಗುಡಿಯೊಳಗೆ ನುಗ್ಗಿದ. ಗುಡಿಯಲ್ಲಿ ಜಗಳ ಮಾಡುವುದು ಚೆನ್ನಾಗಿ ಕಾಣುವುದಿಲ್ಲ. ಇರುವುದು ಒಂದೇ ಬಾಗಿಲು. ನಾನು ಅವನ ಚಪ್ಪಲಿಯ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತೆ.

ಅವನು ಪ್ರದಕ್ಷಿಣೆ ಶುರು ಮಾಡಿದ. ಪ್ರತಿ ಸುತ್ತಿಗೂ ಬಾಗಿಲ ಕಡೆ ಇಣುಕಿ, ನಾನು ಇರುವುದನ್ನು ಕಂಡು ಇನ್ನೊಂದು ಸುತ್ತು ಹೊರಡುತ್ತಿದ್ದ. ನನಗೂ ಅವತ್ತು ಬೇರೆ ಕೆಲಸ ಇರಲಿಲ್ಲ. ಬೋರ್ಡು ಸುಟ್ಟು ಉಳಿದ ಮೂರು ಮಷಿನ್ನೂ ನಿಂತಿದ್ದವು. ಇಪ್ಪತ್ತೊಂದು ಸುತ್ತು ಎಣಿಸಿದೆ. ಕೊನೆಗೆ ಕಾಲು ಸೋತು, ಬೆವರು ಒರೆಸಿಕೊಳ್ಳುತ್ತಾ ಬಂದು ನನ್ನ ಪಕ್ಕದಲ್ಲಿ ಕೂತ.

"ಅತ್ತಿಗಿ, ನನ್ನ ಕೈಯಾಗ ಏನೂ ಇಲ್ರಿ. ಅನಂತಪುರದಾಗ ಗ್ರಾಹಕರ ಕೋರ್ಟ್ ಐತಿ. ಕೇಸ್ ಹಾಕ್ರಿ. ನಾ ಹೇಳ್ದೆ ಅಂತ ಮಾತ್ರ ಯಾರಿಗೂ ಹೇಳಬ್ಯಾಡ್ರಿ."

ಅಷ್ಟರಲ್ಲಿ ಪೂಜಾರಿಗಳು ಹೊರಗೆ ಬಂದು ಅವನ ಕೊರಳಿಗೆ ದೇವರ ಮೇಲಿನ ಹಾರ ಹಾಕಿದರು. "ಇಷ್ಟು ಭಕ್ತಿ ಇರೋರು ಈಗಿನ ಕಾಲದಾಗ ಸಿಗಂಗಿಲ್ಲಪ್ಪ" ಅಂದರು.

ಮುಟ್ಟಬಾರದ ಚೀಲಗಳು

ವಕೀಲರನ್ನು ಹಿಡಿದೆವು. ವಯಸ್ಸಾದವರು, ಮೆತ್ತಗೆ ಮಾತಾಡುವವರು. ನನ್ನ ಕತೆಯೆಲ್ಲ ಕೇಳಿ ಹಣೆ ಒತ್ತಿಕೊಂಡು, "ಆ ಸುಟ್ಟ ಪ್ಯಾಂಟ್ ಇಟ್ಟೀರೋ, ಬಿಸಾಕೀರೋ?" ಅಂದರು.

"ಇಟ್ಟೀನ್ರಿ."

"ಹಂಗಾದ್ರ ಕೇಸ್ ಮುಗಿಯೋ ತನಕ ಅವನ್ನ ತೊಳಿಬ್ಯಾಡ್ರಿ, ಝಾಡಿಸಬ್ಯಾಡ್ರಿ, ಮಡಚಲೂ ಬ್ಯಾಡ್ರಿ. ಅವು ಸಾಕ್ಷಿ."

ನನಗೆ ಇದಕ್ಕಿಂತ ದೊಡ್ಡ ಶಿಕ್ಷೆ ಯಾವ ಜಡ್ಜೂ ಕೊಡಲಾರರು. ಹನ್ನೊಂದು ಚೀಲ ಮಂಚದ ಕೆಳಗೆ, ಕಪಾಟಿನ ಪಕ್ಕ, ಅಡುಗೆಮನೆಯ ಮೂಲೆಯಲ್ಲಿ. ಮನೆಯೆಲ್ಲ ಕಮಟು. ಬಂದವರು ಮೂಗು ಅರಳಿಸಿ "ಒಲೀ ಮ್ಯಾಲ ಏನೋ ಇಟ್ಟು ಮರ್ತೀರೇನು?" ಅನ್ನುತ್ತಿದ್ದರು. ದಸರೆಗೆ ಇಡೀ ಮನೆ ಸುಣ್ಣ ಬಳಿಸಿ, ಚೀಲಗಳ ಸುತ್ತ ಮಾತ್ರ ಒಂದು ಗೇಣು ಬಿಡಿಸಿದೆ. ಒರೆಸುವ ಬಟ್ಟೆ ಹಿಡಿದು ಅವುಗಳ ಮುಂದೆ ಸುಮ್ಮನೆ ನಿಂತಿದ್ದೂ ಉಂಟು. ಕೈ ಕಡಿಯುತ್ತಿತ್ತು.

ಹಬ್ಬ ಮುಗಿದ ಮೇಲೆ ವಕೀಲರು ಮಾಲು ನೋಡಿ ಪಟ್ಟಿ ಬರೆಯಲು ಮನೆಗೆ ಬಂದರು. ಮೊದಲನೇ ಚೀಲದ ಮುಂದೆ ಬಗ್ಗಿದವರು ಹಾಗೇ ನಿಂತರು.

"ಸಾಕ್ಷಿ ಮ್ಯಾಲ ವಿಭೂತಿ ಯಾರು ಹಚ್ಚಿದ್ರಮ್ಮ?"

"ನಾನೇ ರೀ. ಆಯುಧ ಪೂಜಿ ದಿವಸ. ನಮಗ ಈಗ ಇರೋ ಆಯುಧ ಇವಷ್ಟೇ ಅಲ್ಲೇನ್ರಿ?"

ಬಸ್ಸಿನ ವ್ಯಾಪಾರ

ಮಾದರಿಗೆಂದು ಇಪ್ಪತ್ತು ಪ್ಯಾಂಟು ಕೋರ್ಟಿಗೆ ಹಾಜರುಪಡಿಸಬೇಕೆಂದಾಯಿತು. ಒಂದು ಗಂಟು ಕಟ್ಟಿಕೊಂಡು ನಾನೂ ನಮ್ಮ ಮನೆಯವರೂ ಅನಂತಪುರದ ಬಸ್ ಹತ್ತಿದೆವು. ನನಗೆ ಹೆಂಗಸರ ಸೀಟಿನಲ್ಲಿ ಜಾಗ ಸಿಕ್ಕಿತು, ಅವರು ಗಂಟಿನ ಜೊತೆ ಹಿಂದೆ ಕೂತರು. ಕಿಟಕಿ ಗಾಳಿಗೆ ನನಗೆ ಜೊಂಪು ಹತ್ತಿತು.

ಕಲ್ಯಾಣದುರ್ಗ ಹತ್ತಿರವಾದಾಗ ಎಚ್ಚರಾಗಿ ಹಿಂದೆ ತಿರುಗಿ ನೋಡುತ್ತೇನೆ, ಗಂಟು ಬಿಚ್ಚಿಕೊಂಡಿದೆ. ನಮ್ಮ ಮನೆಯವರ ಪಕ್ಕದಲ್ಲಿ ಕೂತಿದ್ದ ಒಬ್ಬ ಮೇಷ್ಟ್ರು ಪ್ಯಾಂಟೊಂದನ್ನು ಮಡಚಿ ತಮ್ಮ ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದಾರೆ.

"ಏನ್ರಿ ಇದು?" ಅಂದೆ.

"ಮಗನಿಗೆ ಬೇಕಂದ್ರು. ತೂತು ಇರೋದೇ ಬೇಕಂತ. ಒಂದು ಪೀಸ್ ಕೊಟ್ಟೆ" ಅಂದರು ನಮ್ಮ ಮನೆಯವರು, ಬಹಳ ಖುಷಿಯಿಂದ. ನಮ್ಮ ಮಾಲಿಗೆ ಸಿಕ್ಕ ಮೊದಲ ಗಿರಾಕಿ ಅಲ್ಲವೇ?

"ಅದು ಸಾಕ್ಷಿ ರೀ. ಪಟ್ಟಿಯೊಳಗ ಇಪ್ಪತ್ತು ಅಂತ ಬರದೈತಿ."

ಅವರ ಮುಖ ಬಿಳಚಿತು. ಮೇಷ್ಟ್ರನ್ನು ಕೇಳಿದರೆ ಅವರು ಒಪ್ಪಲೊಲ್ಲರು. ಕೊಂಡದ್ದು ಕೊಂಡಾಯಿತು, ಮಗನಿಗೆ ಫೋನ್ ಮಾಡಿ ಹೇಳಿಯೂ ಆಯಿತು ಅನ್ನುತ್ತಾರೆ. ಬಸ್ ನಿಂತಿತು, ಅವರು ಇಳಿದರು. ನಮ್ಮವರೂ ಇಳಿದು ಬೆನ್ನು ಹತ್ತಿದರು. ಕಂಡಕ್ಟರ್ ಸೀಟಿ ಊದುತ್ತಾನೆ, ನಾನು ಮೆಟ್ಟಿಲ ಮೇಲೆ ನಿಂತು "ಒಂದು ನಿಮಿಷ ತಡೀಪ್ಪ, ಕೋರ್ಟಿನ ಸಾಮಾನು ಇಳಿದು ಹೊಂಟೈತಿ" ಅನ್ನುತ್ತೇನೆ. ಕೊನೆಗೆ ನಮ್ಮವರು ಪ್ಯಾಂಟು ಹಿಡಿದು ಏದುಸಿರು ಬಿಡುತ್ತಾ ಓಡಿಬಂದರು. ಮೇಷ್ಟ್ರು ಕೊಟ್ಟ ಬೆಲೆಯ ಮೇಲೆ ಇನ್ನೂರು ರೂಪಾಯಿ ಹೆಚ್ಚಿಗೆ ಕೊಟ್ಟು ಬಿಡಿಸಿಕೊಂಡಿದ್ದರು. ನಮ್ಮ ಪ್ಯಾಂಟಿನ ವ್ಯಾಪಾರದಲ್ಲಿ ಮೊದಲು ಲಾಭ ಕಂಡವರು ಆ ಮೇಷ್ಟ್ರು.

ಕಂಪನಿ ವಕೀಲರ ವಾದ

ವಾದ ನಡೆದ ದಿನ ಕಂಪನಿಯ ವಕೀಲರು ಆ ನಾಲ್ಕು ಫೋಟೋ ಎತ್ತಿ ತೋರಿಸಿದರು. ತೆಲುಗಿನಲ್ಲಿ, "ಸರ್ವಸ್ವ ಕಳೆದುಕೊಂಡ ಹೆಂಗಸು ರೇಷ್ಮೆ ಸೀರೆ ಉಟ್ಟು ಹೀಗೆ ನಗುತ್ತಾಳೆಯೇ?" ಎಂದು ಕೇಳಿದರು. ನನಗೆ ನೆಲ ಬಿರಿಯಬಾರದೇ ಅನಿಸಿತು.

ಗ್ರಾಹಕರ ಕೋರ್ಟಿನಲ್ಲಿ ಜಡ್ಜಿನ ಜಾಗದಲ್ಲಿ ಕೂರುವವರು ಅಧ್ಯಕ್ಷರು; ಅವರು ಹೆಂಗಸರು. ನನ್ನನ್ನೇ ಕರೆದು, ಯಾಕೆ ತೊಳೆಸಿದಿರಿ ಎಂದು ಕೇಳಿದರು. ನಾನು ತೆಲುಗಿನಲ್ಲಿ ಶುರು ಮಾಡಿದೆ. ಸಿಟ್ಟು ಬಂದಂತೆಲ್ಲ ನನಗೆ ಗೊತ್ತಿಲ್ಲದೆ ಕನ್ನಡಕ್ಕೆ ಹೊರಳಿದೆ. "ಮನೀಗೆ ದೊಡ್ಡೋರು ಬಂದಾಗ ಮಸಿ ಗ್ವಾಡಿ ತೋರಿಸಿ ಕುಂದ್ರಸಾಕ ಆಗತೈತೇನ್ರಿ? ಹನ್ನೆರಡು ವರ್ಷ ಮಂದಿ ಮಾಲು ಹೊಲ್ದು, ಒಂದು ಸಲ ನಮ್ಮದು ಅಂತ ಹೊಲಿದ್ವಿ. ಸುಟ್ಟದ್ದು ನೋಡಾಕ ನನಗ ಆಗಲಿಲ್ರಿ. ಅದಕ್ಕ ಒಳಗಿಟ್ಟೆ" ಅಂದೆ. ಹಾಗಂದ ಮೇಲೆ ನನಗೂ ಗೊತ್ತಾಯಿತು, ನಿಜವಾದ ಕಾರಣ ಅದೇ ಎಂದು. ಕಣ್ಣಲ್ಲಿ ನೀರು ಬಂತು. ನಮ್ಮ ವಕೀಲರು ಇಷ್ಟನ್ನೂ ತೆಲುಗಿನಲ್ಲಿ ಒಂದೇ ಮಾತಿನಲ್ಲಿ ಮುಗಿಸಿದರು: "ಅಭ್ಯಾಸಬಲ, ಮೇಡಂ."

ಫೈರ್ ಸ್ಟೇಷನ್ನಿನ ಕಾಗದ ನಮ್ಮ ಕಡೆ ಇತ್ತು. ಬೆಂಕಿ ಬಿದ್ದದ್ದು ಸುಳ್ಳಲ್ಲ ಎಂದು ಖಾತ್ರಿಯಾದ ಮೇಲೆ ಕಂಪನಿ ವಕೀಲರು ದಾರಿ ಬದಲಿಸಿದರು. ಗಂಟಿನಿಂದ ಒಂದು ಪ್ಯಾಂಟು ಎತ್ತಿ, "ಮೇಡಂ, ಇದು ನಷ್ಟವೇ ಅಲ್ಲ. ಈಗ ಫ್ಯಾಷನ್ನೇ ತೂತು. ಬೆಂಗಳೂರಿನಲ್ಲಿ ಇಂಥದ್ದಕ್ಕೆ ಡಬಲ್ ರೇಟು. ಬೆಂಕಿಯಿಂದ ಇವರಿಗೆ ಲಾಭವೇ ಆಗಿದೆ" ಅಂದರು. ನಮ್ಮ ಮನೆಯವರು ಆ ಮೇಷ್ಟ್ರನ್ನು ನೆನೆಸಿಕೊಂಡು ತಲೆ ತಗ್ಗಿಸಿದರು.

ಅಧ್ಯಕ್ಷರು ಪ್ಯಾಂಟಿನ ತೂತಿನಲ್ಲಿ ಎರಡು ಬೆರಳು ತೂರಿಸಿ ನೋಡಿದರು.

"ಡಬಲ್ ಅಂತ ಖಾತ್ರಿ ಇದೆಯೇ?"

"ಖಂಡಿತ, ಮೇಡಂ."

"ಹಾಗಾದರೆ ಒಳ್ಳೆಯದೇ ಆಯಿತು. ಕಂಪನಿ ಇವರಿಗೆ ಪೂರ್ತಿ ಹಣ ಕೊಟ್ಟು ಮುನ್ನೂರನ್ನೂ ತೆಗೆದುಕೊಂಡು ಹೋಗಲಿ. ಆ ಲಾಭ ಕಂಪನಿಗೇ ಇರಲಿ."

ಮುಂದಿನ ತಿಂಗಳು ಅದೇ ಆರ್ಡರ್ ಬಂತು. ಮಷಿನ್‌ಗಳ ಹಣವನ್ನೂ ಸೇರಿಸಿದ್ದರು. ಚೀಲ ಒಯ್ಯಲು ಬಂದ ಕಂಪನಿಯವರಿಗೆ ನಾನು ಉಗ್ಗಾಣಿ ಮಾಡಿ ಹಾಕಿದೆ. ಅವರು ಹೋದ ಮರುಗಳಿಗೆ ಮಂಚ ಸರಿಸಿ, ಸಂಜೆಯ ತನಕ ಮನೆ ತೊಳೆದೆ. ಅಷ್ಟು ಸುಖ ನನಗೆ ಆ ಆರ್ಡರ್ ಓದಿದಾಗಲೂ ಆಗಿರಲಿಲ್ಲ.

ಬೆಂಗಳೂರಿನ ಫೋನು

ಹೊಸ ಮಷಿನ್ ಬಂದವು, ಒಂಬತ್ತು ಜನರೂ ತಿರುಗಿ ಕೆಲಸಕ್ಕೆ ಬಂದರು. ಅದೇ ವಾರ ಬೆಂಗಳೂರಿನ ಒಂದು ಅಂಗಡಿಯಿಂದ ಫೋನ್ ಬಂತು. ಕಂಪನಿಯವರು ಆ ಸುಟ್ಟ ಮಾಲನ್ನು ಹರಾಜಿಗಿಟ್ಟಾಗ ಇವರೇ ಹಿಡಿದರಂತೆ. ಪ್ಯಾಂಟಿನ ಲೇಬಲ್ಲಿನಲ್ಲಿ ನಮ್ಮ ನಂಬರ್ ಇತ್ತು.

"ಎಲ್ಲ ಖರ್ಚಾಯ್ತು. ಅದೇ ಡಿಸೈನ್ ಇನ್ನೂ ಐನೂರು ಬೇಕು. ಆ ತೂತಿನ ಅಂಚು ಅಷ್ಟು ಚೆನ್ನಾಗಿ ಹೇಗೆ ಕಂದಿಸುತ್ತೀರಿ?"

ನಮ್ಮ ಮನೆಯವರಿಗೆ ಸುಳ್ಳು ಬರುವುದಿಲ್ಲ. "ಬೆಂಕಿ ಬಿದ್ದಿತ್ರಿ" ಅಂದರು.

ಆ ಕಡೆಯವರು ನಕ್ಕು, "ಟೆಕ್ನಿಕ್ ಹೇಳಬೇಡಿ ಬಿಡಿ, ನಿಮ್ಮ ಗುಟ್ಟು ನಿಮಗೇ ಇರಲಿ. ಮಾಲು ಕಳಿಸಿ ಸಾಕು" ಅಂದರು.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಐನೂರು ಪ್ಯಾಂಟು, ನಮ್ಮದೇ ಲೇಬಲ್. ಯಾರು ಬೇಡ ಅನ್ನುತ್ತಾರೆ? ಎರಡು ದಿನ ಏನೇನೋ ಪ್ರಯೋಗ ಮಾಡಿ, ಕೊನೆಗೆ ಊದಿನಕಡ್ಡಿಯಲ್ಲಿ ಹದ ಸಿಕ್ಕಿತು. ಈಗ ಮೂವರು ಹೆಣ್ಣುಮಕ್ಕಳು ಸಾಲಾಗಿ ಕೂತು, ಪಕ್ಕದಲ್ಲಿ ನೀರಿನ ಬಕೆಟ್ ಇಟ್ಟುಕೊಂಡು, ಹೊಸ ಪ್ಯಾಂಟುಗಳಿಗೆ ಅಚ್ಚುಕಟ್ಟಾಗಿ ತೂತು ಸುಡುತ್ತಾರೆ. ಯೂನಿಟ್ಟಿಗೆ ಕಾಲಿಟ್ಟರೆ ಗುಡಿಯ ವಾಸನೆ.

ಹೋದ ತಿಂಗಳು ಏಜೆಂಟು ಹೊಸ ಪಾಲಿಸಿಯ ಫಾರ್ಮ್ ಹಿಡಿದು ಬಂದ. ಹೆಸರು, ವಿಳಾಸ, ಮಷಿನ್ ಎಷ್ಟು ಎಂದು ಒಂದೊಂದೇ ಕೇಳಿ ತುಂಬುತ್ತಾ ಹೋದ. ಹೊಗೆ ಮೂಗಿಗೆ ಬಡಿದರೂ ಏನೋ ಪೂಜೆ ನಡೆದಿದೆ ಅಂದುಕೊಂಡು ಒಮ್ಮೆ ಕೈಯನ್ನೂ ಮುಗಿದ.

"ಇನ್ನೊಂದೇ ಪ್ರಶ್ನಿ ಅತ್ತಿಗಿ. ಕೆಲಸದ ಜಾಗದಾಗ ಬೆಂಕಿ ಹಚ್ಚೋದು, ಸುಡೋದು ಏನರ ಐತೇನು? ಇಲ್ಲ ಅಂತ ಬರೀತೀನಿ."

"ಸುಳ್ಳು ಬರಿಬ್ಯಾಡಪ್ಪ, ಆಮ್ಯಾಲ ಕ್ಲೇಮ್ ಬರಂಗಿಲ್ಲ" ಅಂದೆ. "ದಿವಸಕ್ಕ ನಲವತ್ತು ಪ್ಯಾಂಟ್ ಸುಡ್ತೀವಿ ಅಂತ ಬರಿ. ಆದಿತ್ಯವಾರ ರಜಾ."